ಬೆರಳು ಅದ, ಹಿಡಿತ ಇಲ್ಲ: ಇಎಸ್‌ಐ ಪರ್ಸೆಂಟ್ ಮೇಲ್ಮನವಿ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಬಿದ್ದುಹೋಗುತ್ತದೆ

ಹೊಸ ತೊಗರಿ ಬಂತೆಂದರೆ ಕಲಬುರಗಿಯ ದಾಲ್ ಮಿಲ್‌ಗಳಿಗೆ ಬಿಡುವಿಲ್ಲ. ಪುಲ್ಲಿಯಿಂದ ಬೆಲ್ಟ್ ಜಾರುತ್ತದೆ, ಎಲಿವೇಟರ್ ಬುಡದಲ್ಲಿ ಕಾಳು ಕಟ್ಟಿಕೊಳ್ಳುತ್ತದೆ, ಮೋಟರ್ ಬಂದ್ ಮಾಡಿದರೆ ಕೆಲಸ ನಿಲ್ಲುತ್ತದೆಂದು ಓಡುವ ಮಷಿನ್ನಿಗೇ ಕೈ ಹಾಕುತ್ತಾರೆ. ಬೆರಳು ಹೋಗುವುದು ಅಲ್ಲೇ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಕನ್ವೇಯರ್ ರೋಲರ್, ಶಹಾಬಾದ್ ಕಡೆ ಕಲ್ಲು ಕೊಯ್ಯುವ ಬ್ಲೇಡು, ಬೀದರಿನ ಹುಮನಾಬಾದ್, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳಲ್ಲಿ ಮತ್ತೊಂದು ಯಂತ್ರ. ಯಂತ್ರ ಬೇರೆಯಾದರೂ ಮೊದಲು ಸಿಗುವುದು ಕೈ.

ಗಾಯ ಮಾಗಿದ ಮೇಲೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಮೆಡಿಕಲ್ ಬೋರ್ಡ್ ಒಂದು ಅಂಕಿ ಬರೆಯುತ್ತದೆ. 5, 9, 14, 30. ಆ ಅಂಕಿಯ ಮೇಲೆ ಬದುಕಿರುವವರೆಗೆ ಬರುವ ಹಣ ನಿಂತಿದೆ. ಅದು ಕಡಿಮೆಯಾಯಿತು ಅನ್ನಿಸಿದವರು ಕೇಳುವುದು ಒಂದೇ: "ಬೋರ್ಡ್‌ನ್ಯಾಗ ಐದು ಕೊಟ್ಟಾರ, ಟ್ರಿಬ್ಯುನಲ್‌ಗೆ ಹೋದ್ರ ಹೆಚ್ಚಾಗ್ತದೇನ್ರಿ?"

ಹೆಚ್ಚಾಗುವ ಪ್ರಕರಣದ ಗುರುತು ಮೇಲ್ಮನವಿ ಹಾಕುವ ಮೊದಲೇ ಕಾಗದದಲ್ಲಿ ಕಾಣುತ್ತದೆ. ಬೋರ್ಡ್ ಉತ್ತರಿಸಿದ ಪ್ರಶ್ನೆ ಯಾವುದು, ಆ ಪ್ರಶ್ನೆಗೆ ನಿಮ್ಮ ಹತ್ತಿರ ಹೊಸದಾಗಿ ಏನಿದೆ, ಇವೆರಡು ಸ್ಪಷ್ಟವಾಗಿದ್ದರೆ ಮೇಲ್ಮನವಿಗೆ ಜೀವವಿದೆ. ಬಹಳ ಮಂದಿ ಸೋಲುವುದು ಟ್ರಿಬ್ಯುನಲ್, ಅಂದರೆ ಬೋರ್ಡಿನ ಮೇಲಿನ ಮೇಲ್ಮನವಿ ಕೇಳುವ ಮಂಡಳಿಯ, ಮುಂದೆ ಅಲ್ಲ, ಅಲ್ಲಿಗೆ ಹೋಗುವ ಮೊದಲೇ. ತಪ್ಪು ಪ್ರಶ್ನೆ ಹಿಡಿದು, ತಪ್ಪು ಬಾಗಿಲಿಗೆ, ಗಡುವು ಮುಗಿದ ಮೇಲೆ ಹೋಗಿ ಸೋಲುತ್ತಾರೆ. ಕೈಯ ಜೊತೆಗೆ ಹಕ್ಕೂ ಹೋಗುವುದನ್ನು ನೋಡುವುದು ಸಂಕಟದ ಸಂಗತಿ. ಅದಕ್ಕೇ ಇಷ್ಟು ವಿವರ.

ಕಾನೂನಿನ ಬಗ್ಗೆ ಒಂದು ಮಾತು. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಜಾರಿಯಾದದ್ದು 2025ರ ನವೆಂಬರ್ 21ರಂದು. ಇಲ್ಲಿ ಹೇಳುವ ಕಲಂ ಸಂಖ್ಯೆಗಳು, ಅನುಸೂಚಿ, ಗಡುವು ಎಲ್ಲ 1948ರ ಕಾಯ್ದೆ ಮತ್ತು ಅದರ ನಿಯಮಗಳವು. ಸಂಹಿತೆ ಜಾರಿಯಾಗುವ ಮೊದಲಿನ ಅಪಘಾತಗಳ ಪ್ರಕರಣಗಳಿಗೆ ಇವೇ ಆಧಾರ. ನಿಮ್ಮ ಅಪಘಾತ ಆಮೇಲಿನದಾದರೆ, ನಿರ್ಧಾರ ಪತ್ರದಲ್ಲಿ ಯಾವ ಕಾನೂನು, ಯಾವ ಕಲಂ, ಎಷ್ಟು ದಿನ ಎಂದು ಬರೆದಿದೆಯೋ ಅದನ್ನೇ ಹಿಡಿಯಿರಿ.

ಈ ಪರ್ಸೆಂಟ್ ಯಾವುದರ ಪರ್ಸೆಂಟ್

ತಹಶೀಲ್ದಾರ್ ಕಚೇರಿಯ ವಿಕಲಚೇತನರ ಮಾಶಾಸನಕ್ಕೆ 40 ಪರ್ಸೆಂಟ್ ಬೇಕು. ಇಎಸ್‌ಐಯಲ್ಲಿ ಆ ಹೊಸ್ತಿಲಿಲ್ಲ, 2 ಪರ್ಸೆಂಟ್ ಬಂದರೂ ಹಣ ಬರುತ್ತದೆ. ಎರಡೂ ಕಡೆ 'ಪರ್ಸೆಂಟ್' ಎಂಬ ಒಂದೇ ಮಾತು ಬಳಸುವುದರಿಂದ ಗೊಂದಲ ಶುರುವಾಗುತ್ತದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಇರುವುದು ದೇಹದ ವೈಕಲ್ಯದ ಪ್ರಮಾಣ. ಇಎಸ್‌ಐ ಬೋರ್ಡ್ ಬರೆಯುವುದು ದುಡಿದು ಗಳಿಸುವ ಶಕ್ತಿ ಎಷ್ಟು ಕುಂದಿತು ಎಂಬುದನ್ನು. "ಕಾರ್ಡ್‌ನ್ಯಾಗ 45 ಅದ, ಬೋರ್ಡ್ 20 ಕೊಟ್ಟದ" ಎಂಬುದೊಂದನ್ನೇ ಆಧಾರ ಮಾಡಿಕೊಂಡು ಹಾಕಿದ ಮೇಲ್ಮನವಿ ನಿಲ್ಲುವುದಿಲ್ಲ. ಕಾರ್ಡಿನ ಹಿಂದಿರುವ ವೈದ್ಯಕೀಯ ಅಳತೆಗಳು ಉಪಯೋಗಕ್ಕೆ ಬರಬಹುದು, ಕಾರ್ಡಿನ ಅಂಕಿ ಬರುವುದಿಲ್ಲ.

ಹಣದ ಲೆಕ್ಕ ಹೀಗೆ. ಸರಾಸರಿ ದಿನಗೂಲಿಯ 90 ಪರ್ಸೆಂಟ್ ಪೂರ್ಣ ದರ. ಅದಕ್ಕೆ ಬೋರ್ಡ್ ಕೊಟ್ಟ ಪರ್ಸೆಂಟ್ ಹಾಕಬೇಕು. ದಿನಕ್ಕೆ 500 ರೂಪಾಯಿ ಸರಾಸರಿ ಇದ್ದವರಿಗೆ ಪೂರ್ಣ ದರ 450. ಅದರ 5 ಪರ್ಸೆಂಟ್ ಅಂದರೆ ದಿನಕ್ಕೆ 22.50, ಮೂವತ್ತು ದಿನಕ್ಕೆ 675 ರೂಪಾಯಿ. 9 ಪರ್ಸೆಂಟ್ ಆದರೆ 1,215. 14 ಆದರೆ 1,890. ಹೆಬ್ಬೆರಳು ಪೂರ್ತಿ ಹೋಗಿ 30 ಬಂದರೆ 4,050. ಐದಕ್ಕೂ ಒಂಬತ್ತಕ್ಕೂ ನಡುವೆ ವರ್ಷಕ್ಕೆ 6,570 ರೂಪಾಯಿ ವ್ಯತ್ಯಾಸ. 28 ವರ್ಷದ ಹುಡುಗನಿಗೆ ಇದು ಸಣ್ಣ ಮೊತ್ತವಲ್ಲ. ಮತ್ತೆ ಕೆಲಸಕ್ಕೆ ಸೇರಿ ಸಂಬಳ ತಗೊಂಡರೂ ಈ ಹಣ ನಿಲ್ಲುವುದಿಲ್ಲ. ಅದನ್ನು ತಿಳಿಯದೆ 'ಕೆಲಸ ಸಿಕ್ಕದ, ಇನ್ನೇನು' ಎಂದು ಬಿಟ್ಟವರಿದ್ದಾರೆ.

ಕೆಲವೊಮ್ಮೆ ಪರ್ಸೆಂಟ್ ಸರಿಯಾಗಿಯೇ ಇದ್ದು, ದಿನಗೂಲಿ ಕಡಿಮೆ ಹಿಡಿದಿರುತ್ತಾರೆ. ಕೈಗೆ 15,000 ಕೊಟ್ಟು ಇಎಸ್‌ಐಗೆ 10,000ದ ಮೇಲೆ ವಂತಿಗೆ ಕಟ್ಟಿದ ಮಾಲೀಕರಿದ್ದರೆ ಹೀಗಾಗುತ್ತದೆ. ಇದು ಬೋರ್ಡಿನ ತಪ್ಪಲ್ಲ, ಮೆಡಿಕಲ್ ಟ್ರಿಬ್ಯುನಲ್ ಇದನ್ನು ಸರಿಪಡಿಸಲಾರದು. ಇದಕ್ಕೆ ಕಲಂ 75ರಡಿ ಇಎಸ್‌ಐ ನ್ಯಾಯಾಲಯವೇ ದಾರಿ. ಐಪಿ ನಂಬರ್ (ಇಎಸ್‌ಐಯಲ್ಲಿ ನಿಮ್ಮ ವಿಮಾ ಸಂಖ್ಯೆ) ಹಾಕಿ ಪೋರ್ಟಲ್‌ನಲ್ಲಿ ವಂತಿಗೆ ವಿವರ ತೆಗೆದು, ಪಗಾರ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆ ನೋಡಿ. ಪರ್ಸೆಂಟ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲೇ ಈ ಕೆಲಸ ಆಗಬೇಕು.

ಗೆಣ್ಣು, ಮೂಳೆ, ಅನುಸೂಚಿಯ ಸಾಲು

ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಯಾವ ಅಂಗ ಹೋದರೆ ಎಷ್ಟು ಎಂದು ಪಟ್ಟಿ ಇದೆ. ಕೈಗೆ ಸಂಬಂಧಿಸಿದ ಅಂಕಿಗಳು ಕಾರ್ಮಿಕರಿಗೆಲ್ಲ ಬಾಯಿಪಾಠ ಇರಬೇಕು ಎಂಬುದು ನನ್ನ ಅಭಿಪ್ರಾಯ. ಹೆಬ್ಬೆರಳು ಪೂರ್ತಿ 30, ಅದರ ತುದಿ ಗೆಣ್ಣು, ಅಂದರೆ ಕೊನೆಯ ಮೂಳೆಯ ಭಾಗ, ಮಾತ್ರ ಹೋದರೆ 20. ತೋರುಬೆರಳು ಪೂರ್ತಿ 14, ಎರಡು ಗೆಣ್ಣು 11, ಒಂದು ಗೆಣ್ಣು 9, ಮೂಳೆ ಹೋಗದೆ ತುದಿಯ ಮಾಂಸ ಮಾತ್ರ ಕತ್ತರಿಸಿದ್ದರೆ 5. ನಡುಬೆರಳಿಗೆ ಇದೇ ಕ್ರಮದಲ್ಲಿ 12, 9, 7, 4. ಉಂಗುರ ಬೆರಳು, ಕಿರುಬೆರಳಿಗೆ 7, 6, 5, 2. ಒಂದು ಕೈಯ ನಾಲ್ಕೂ ಬೆರಳು ಹೋದರೆ 50, ಮೂರು ಹೋದರೆ 30, ಎರಡು ಹೋದರೆ 20. ಹೆಬ್ಬೆರಳು ಸೇರಿ ಐದೂ ಹೋದರೆ, ಇಲ್ಲವೇ ಕೈಯೇ ಹೋದರೆ 60.

ಬಲಗೈಯೋ ಎಡಗೈಯೋ ಎಂಬ ಭೇದ ಈ ಪಟ್ಟಿಯಲ್ಲಿಲ್ಲ. "ಬಲಗೈ ಹೋಗ್ಯದ, ಹೆಚ್ಚು ಕೊಡಬೇಕು" ಎಂದು ಬರೆದರೆ ಪಟ್ಟಿಯಲ್ಲಿರುವ ಗಾಯದ ಮಟ್ಟಿಗೆ ಪ್ರಯೋಜನವಿಲ್ಲ.

ಈಗ ತೋರುಬೆರಳಿನ 5 ಮತ್ತು 9ರ ನಡುವಿನ ಗೆರೆ ನೋಡಿ. ಅಲ್ಲಿರುವ ಮಾತು 'ಮೂಳೆ ಹೋಗದೆ'. ಬೆರಳ ತುದಿ ಜಜ್ಜಿಹೋದಾಗ ಆಸ್ಪತ್ರೆಯಲ್ಲಿ ಚೂರಾದ ಮೂಳೆಯ ತುದಿ ತೆಗೆದು, ಚರ್ಮ ಎಳೆದು ಹೊಲಿಗೆ ಹಾಕುತ್ತಾರೆ. ಮಾಗಿದ ಮೇಲೆ ಹೊರಗಿನಿಂದ ನೋಡಿದರೆ ತುದಿ ಸ್ವಲ್ಪ ಮೊಂಡಾದಂತೆ ಕಾಣುತ್ತದೆ ಅಷ್ಟೇ. ಡಿಸ್ಚಾರ್ಜ್ ಚೀಟಿಯಲ್ಲಿ 'ಬಲ ತೋರುಬೆರಳಿಗೆ ಜಜ್ಜು ಗಾಯ' ಎಂದಷ್ಟೇ ಬರೆದಿರುತ್ತದೆ. ಬೋರ್ಡಿನ ಮುಂದೆ ಆ ಚೀಟಿ ಒಂದೇ ಇದ್ದರೆ 5 ಬರೆಯುವುದು ಸಹಜ. ಅದೇ ಬೆರಳಿನ ಎಕ್ಸ್‌ರೇಯನ್ನು ನೇರವಾಗಿ ಮತ್ತು ಪಕ್ಕದಿಂದ, ಎರಡೂ ಕೋನದಲ್ಲಿ ತೆಗೆಸಿ, ಇನ್ನೊಂದು ಕೈಯ ಅದೇ ಬೆರಳನ್ನೂ ಜೊತೆಗೆ ತೆಗೆಸಿದರೆ ಕೊನೆಯ ಮೂಳೆಯ ಉದ್ದ ಎಷ್ಟು ಕಡಿಮೆಯಾಗಿದೆ ಎಂಬುದು ಎದ್ದು ಕಾಣುತ್ತದೆ. ಮೂಳೆ ಕಳೆದಿದ್ದರೆ 5ರ ಸಾಲು ಆ ಗಾಯಕ್ಕೆ ಹೊಂದುವುದೇ ಇಲ್ಲ. ಟ್ರಿಬ್ಯುನಲ್‌ಗೆ ಹೇಳಬೇಕಾದದ್ದು ಇಷ್ಟೇ. ಎರಡು ಫಿಲ್ಮು, ಒಂದು ರೇಡಿಯಾಲಜಿ ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ. ಬಡತನದ ಬಗ್ಗೆ ಮೂರು ಪುಟ ಬರೆಯುವುದಕ್ಕಿಂತ ಈ ಮೂರು ಕಾಗದ ಹೆಚ್ಚು ಕೆಲಸ ಮಾಡುತ್ತವೆ.

ಇನ್ನೊಂದು ಕಡೆಗೆ ಗಮನ ಕೊಡಿ. ಉಂಗುರ ಬೆರಳು ಮತ್ತು ಕಿರುಬೆರಳು ಎರಡೂ ಬುಡದಿಂದ ಹೋಗಿದ್ದರೆ ಬಿಡಿಬಿಡಿಯಾಗಿ ಕೂಡಿಸಿದಾಗ 7 ಮತ್ತು 7, ಒಟ್ಟು 14. ಆದರೆ ಪಟ್ಟಿಯಲ್ಲಿ 'ಒಂದು ಕೈಯ ಎರಡು ಬೆರಳು' ಎಂಬ ಬೇರೆ ಸಾಲೇ ಇದೆ, ಅದಕ್ಕೆ 20. ಬೋರ್ಡ್ ಯಾವ ಸಾಲು ಹಿಡಿದಿದೆ ಎಂಬುದನ್ನು ನಡಾವಳಿಯಲ್ಲಿ ನೋಡಲೇಬೇಕು. ಒಂದೇ ಅಪಘಾತದಲ್ಲಿ ಬೇರೆ ಬೇರೆ ಗಾಯಗಳಾಗಿದ್ದರೆ ಎಲ್ಲವನ್ನೂ ಕೂಡಿಸಬೇಕು, ಒಟ್ಟು 100 ಮೀರುವಂತಿಲ್ಲ ಎಂಬುದೊಂದೇ ಮಿತಿ. ಕೈ ದೊಡ್ಡ ಗಾಯವಾದಾಗ ಪಾದದ ಹೆಬ್ಬೆರಳು, ಹಲ್ಲು, ಕಿವಿಯ ಮಾತು ಬಿಟ್ಟುಹೋಗುವುದುಂಟು.

ಇನ್ನು ಈ ಬರಹದ ಹೆಸರಿನ ವಿಷಯ. ಬೆರಳು ತುಂಡಾಗಿಲ್ಲ, ಆದರೆ ಮಡಚುವುದಿಲ್ಲ. ಸ್ನಾಯುರಜ್ಜು ಕತ್ತರಿಸಿಹೋಗಿದೆ, ಇಲ್ಲವೇ ಗೆಣ್ಣು ಸೆಟೆದು ನಿಂತಿದೆ. "ಬೆರಳು ಅದ ಖರೆ, ಹಿಡಿತ ಇಲ್ಲ" ಎಂದು ಹೇಳುತ್ತಾರೆ, ಬೋರ್ಡಿನ ಹಾಳೆಯಲ್ಲಿ 'ಬೆರಳು ಇದೆ' ಎಂಬುದಷ್ಟೇ ಉಳಿಯುತ್ತದೆ. ಅನುಸೂಚಿಯ ಕೆಳಗೆ ಒಂದು ಟಿಪ್ಪಣಿ ಇದೆ: ಯಾವುದೇ ಅಂಗದ ಉಪಯೋಗ ಪೂರ್ತಿಯಾಗಿ, ಶಾಶ್ವತವಾಗಿ ಹೋದರೆ ಅದು ಆ ಅಂಗವೇ ಹೋದದ್ದಕ್ಕೆ ಸಮ. ಮೇಲ್ಮನವಿಗಳಲ್ಲಿ ಇದಕ್ಕಿಂತ ಬಲವಾದ ಆಧಾರ ಮತ್ತೊಂದಿಲ್ಲ. ಆದರೆ 'ಪೂರ್ತಿ', 'ಶಾಶ್ವತ' ಎಂಬ ಎರಡೂ ಮಾತುಗಳನ್ನು ಅಳತೆಯಿಂದ ತೋರಿಸಬೇಕು.

ಮೂಳೆ ವೈದ್ಯರ ಹತ್ತಿರ ಹೋದಾಗ 'ಬೆರಳು ಗಟ್ಟಿಯಾಗಿದೆ' ಎಂಬ ಒಂದು ಸಾಲಿಗೆ ತೃಪ್ತರಾಗಬೇಡಿ. ಗೆಣ್ಣಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ಪ್ರತಿ ಗೆಣ್ಣಿಗೂ ಅಂಕಿ ಬರೆಸಿ. ಉದಾಹರಣೆಗೆ: 'ಬಲ ತೋರುಬೆರಳಿನ ನಡು ಗೆಣ್ಣು 40ರಿಂದ 50 ಡಿಗ್ರಿಯೊಳಗೆ ಮಾತ್ರ ಚಲಿಸುತ್ತದೆ, ಸಹಜವಾಗಿ 0ಯಿಂದ 100 ಡಿಗ್ರಿ, ಮುಷ್ಟಿ ಹಿಡಿದಾಗ ಬೆರಳ ತುದಿ ಅಂಗೈಯಿಂದ 4 ಸೆಂಟಿಮೀಟರ್ ದೂರ ಉಳಿಯುತ್ತದೆ, ಹೆಬ್ಬೆರಳ ಜೊತೆ ಚಿಮುಟು ಹಿಡಿತ ಸಾಧ್ಯವಿಲ್ಲ, ಹಿಡಿತದ ಬಲ ಡೈನಮೋಮೀಟರ್‌ನಲ್ಲಿ ಬಲಗೈ ಇಷ್ಟು ಕಿಲೊ, ಎಡಗೈ ಇಷ್ಟು ಕಿಲೊ.' ಇನ್ನು ಮುಂದೆ ಸುಧಾರಣೆಯ ಸಾಧ್ಯತೆ ಇದೆಯೇ ಎಂಬುದಕ್ಕೂ ಒಂದು ವಾಕ್ಯ ಬೇಕು. ಫಿಸಿಯೋಥೆರಪಿ ಎಷ್ಟು ದಿನ ಮಾಡಿಸಿದಿರಿ ಎಂಬ ದಾಖಲೆ ಇಲ್ಲದಿದ್ದರೆ 'ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ' ಎಂಬ ಉತ್ತರ ಕಾದಿರುತ್ತದೆ. ವ್ಯಾಯಾಮಕ್ಕೆ ಹೋಗದೆ ಬಿಟ್ಟವರ ಮೇಲ್ಮನವಿ ಸಾಮಾನ್ಯವಾಗಿ ಸಡಿಲವಾಗುವುದು ಇಲ್ಲೇ.

ಪಟ್ಟಿಯಲ್ಲಿ ಇಲ್ಲದ ಗಾಯಗಳು, ಅಂದರೆ ಬೆನ್ನುಮೂಳೆ, ಭುಜ, ಮೊಣಕಾಲ ಬಿಗಿತ, ತಲೆಗೆ ಪೆಟ್ಟು, ಇವುಗಳಲ್ಲಿ ಬೋರ್ಡ್ ತನ್ನ ಅಂದಾಜಿನಿಂದ ಅಂಕಿ ಹಾಕುತ್ತದೆ. ಇಲ್ಲಿ ಮಾಡುತ್ತಿದ್ದ ಕೆಲಸ ಯಾವುದು ಎಂಬ ವಾದಕ್ಕೆ ಜಾಗವಿದೆ. 50 ಕಿಲೊ ಸಿಮೆಂಟ್ ಚೀಲ ಹೊರುತ್ತಿದ್ದವರು ಈಗ ಎಷ್ಟು ಎತ್ತಬಲ್ಲರು, ಲೋಡಿಂಗ್‌ನಿಂದ ತೆಗೆದು ಗುಡಿಸುವ ಕೆಲಸಕ್ಕೆ ಹಾಕಿದ್ದಾರೆಯೇ, ಪಗಾರ ಎಷ್ಟು ಇಳಿದಿದೆ ಎಂಬುದನ್ನು ಹಾಜರಿ ಮತ್ತು ಪಗಾರ ದಾಖಲೆಯಿಂದ ತೋರಿಸಬೇಕು. ವಕೀಲರು ಇಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಎತ್ತುತ್ತಾರೆ. ಎಡಗೈ ಕಳೆದುಕೊಂಡ ಬಡಗಿಗೂ ಗುಮಾಸ್ತನಿಗೂ ಗಳಿಕೆಯ ನಷ್ಟ ಒಂದೇ ಆಗುವುದಿಲ್ಲ ಎಂದು ಅದರಲ್ಲಿ ವಿವರಿಸಿದೆ. ಅದು ವಾಹನ ಅಪಘಾತದ ಪ್ರಕರಣ. ಪಟ್ಟಿಯಲ್ಲಿ ಇಲ್ಲದ ಗಾಯದಲ್ಲಿ ವಾದಕ್ಕೆ ಬಲ ಕೊಡಬಹುದು, ಆದರೆ ಪಟ್ಟಿಯಲ್ಲಿರುವ 14ನ್ನು 50 ಮಾಡಿಕೊಡುತ್ತದೆಂದು ನೆಚ್ಚಿಕೊಂಡು ಹೋಗಬೇಡಿ.

ಹೋಗುವ ಮೊದಲೇ ಮುಚ್ಚುವ ಬಾಗಿಲುಗಳು

ಕಲಂ 54ಎ ಪ್ರಕಾರ ಬೋರ್ಡಿನ ನಿರ್ಧಾರ ಒಪ್ಪದವರಿಗೆ ಎರಡು ದಾರಿ: ಮೆಡಿಕಲ್ ಅಪೀಲ್ ಟ್ರಿಬ್ಯುನಲ್‌ಗೆ ಹೋಗಿ, ಅಲ್ಲೂ ಆಗದಿದ್ದರೆ ಇಎಸ್‌ಐ ನ್ಯಾಯಾಲಯಕ್ಕೆ ಹೋಗುವುದು, ಇಲ್ಲವೇ ನೇರವಾಗಿ ಇಎಸ್‌ಐ ನ್ಯಾಯಾಲಯಕ್ಕೇ ಹೋಗುವುದು. ಇದೇ ಹಕ್ಕು ಇಎಸ್‌ಐ ನಡೆಸುವ ನಿಗಮಕ್ಕೂ ಇದೆ ಎಂಬುದನ್ನು ಮರೆಯಬಾರದು. ಗಡುವು ನಿರ್ಧಾರ ತಿಳಿದ ದಿನದಿಂದ ಮೂರು ತಿಂಗಳು.

ಮೂರು ತಿಂಗಳು ಬೇಗ ಕಳೆಯುತ್ತದೆ. ಪತ್ರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರುತ್ತದೆ, ಊರಿನಲ್ಲಿ ಓದಿ ಹೇಳುವವರು ಸಿಗುವ ಹೊತ್ತಿಗೆ ತಿಂಗಳಾಗಿರುತ್ತದೆ. ಪತ್ರ ಬಂದ ಲಕೋಟೆಯನ್ನು ಅಂಚೆ ಮುದ್ರೆ ಸಮೇತ ಎತ್ತಿಡಿ, ತಲುಪಿದ ದಿನವನ್ನು ಅದರ ಮೇಲೇ ಬರೆದಿಡಿ. ಬೋರ್ಡಿನ ನಡಾವಳಿಯ ನಕಲು ಕೇಳಿದರೆ ಕೊಡದಿದ್ದಾಗ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು, ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, 30 ದಿನದೊಳಗೆ ಉತ್ತರ ಬರಬೇಕು. ಆದರೆ ಆ ಉತ್ತರಕ್ಕೆ ಕಾಯುತ್ತಿದ್ದೇವೆಂದು ಗಡುವು ನಿಲ್ಲುವುದಿಲ್ಲ. ಮೇಲ್ಮನವಿ ಮೊದಲು ಹಾಕಿ, ದಾಖಲೆ ಆಮೇಲೆ ಸೇರಿಸುವೆನೆಂದು ಅದರಲ್ಲೇ ಬರೆಯಿರಿ. ತಡವಾಗಿಯೇ ಹೋಗಿದ್ದರೆ ಕಾರಣವನ್ನು ಪ್ರತ್ಯೇಕ ಅರ್ಜಿಯಲ್ಲಿ, ಆಸ್ಪತ್ರೆಯ ದಾಖಲೆಯಂಥ ಆಧಾರ ಸಮೇತ ಕೊಡಬೇಕು. 'ತಿಳುವಳಿಕೆ ಇರಲಿಲ್ಲ' ಎಂಬ ಒಂದೇ ಮಾತು ಸಾಲದು.

ಎರಡನೆಯ ಬಾಗಿಲು ಇಡಿಗಂಟು. ದಿನದ ದರ 10 ರೂಪಾಯಿ ಮೀರದಿದ್ದರೆ, ಪರ್ಸೆಂಟ್ ಅಂತಿಮವಾಗಿದ್ದರೆ, ಒಟ್ಟು ಮೊತ್ತ 60,000 ರೂಪಾಯಿಯೊಳಗಿದ್ದರೆ ಜೀವನಪರ್ಯಂತದ ಹಣವನ್ನು ಒಂದೇ ಸಲ ಪಡೆಯಲು ಅವಕಾಶವಿದೆ. ಮೇಲಿನ ಲೆಕ್ಕದ ಕಾರ್ಮಿಕರಿಗೆ ಕಿರುಬೆರಳ ತುದಿಯ 2 ಪರ್ಸೆಂಟ್ ಬಂದರೆ ದಿನಕ್ಕೆ 9 ರೂಪಾಯಿ, ಇವರು ಇದರಡಿ ಬರುತ್ತಾರೆ. ಮನೆಯಲ್ಲಿ ಸಾಲವಿರುತ್ತದೆ, ಮದುವೆ ಇರುತ್ತದೆ, ಇಡಿಗಂಟಿಗೆ ಮನಸ್ಸು ಎಳೆಯುತ್ತದೆ. ಆದರೆ ಬೋರ್ಡ್ ಕೊಟ್ಟ ಅಂಕಿಯ ಮೇಲೆ ಅರ್ಜಿ ಹಾಕಿ ಆ ಹಣ ತಗೊಂಡಿರೋ, ಮೇಲ್ಮನವಿಯ ಹಕ್ಕು ಅಲ್ಲಿಗೆ ಮುಗಿಯಿತು. ಕಾಯ್ದೆಯಲ್ಲಿ ಸ್ಪಷ್ಟವಾಗಿ ಹೀಗೇ ಇದೆ. ಮೂಳೆ ಹೋಗಿದೆಯೋ ಇಲ್ಲವೋ ಎಂದು ಎಕ್ಸ್‌ರೇ ತೆಗೆಸಿ ನೋಡುವವರೆಗೂ ಇಡಿಗಂಟಿನ ಅರ್ಜಿಗೆ ಹೆಬ್ಬೆಟ್ಟು ಒತ್ತಬೇಡಿ.

ಮೂರನೆಯದು ತಪ್ಪು ಪ್ರಶ್ನೆ. ಬೋರ್ಡ್ ಮತ್ತು ಟ್ರಿಬ್ಯುನಲ್ ನೋಡುವುದು ನಾಲ್ಕೇ ವಿಷಯ: ಗಾಯದಿಂದ ಶಾಶ್ವತ ಅಂಗವಿಕಲತೆ ಆಗಿದೆಯೇ, ಗಳಿಕೆಯ ಶಕ್ತಿ ಎಷ್ಟು ಕುಂದಿದೆ, ಆ ಅಂಕಿ ತಾತ್ಕಾಲಿಕವೋ ಅಂತಿಮವೋ, ತಾತ್ಕಾಲಿಕವಾದರೆ ಎಷ್ಟು ಕಾಲಕ್ಕೆ. 'ಇದು ಕೆಲಸದ ಮೇಲಾದ ಗಾಯವೇ ಅಲ್ಲ' ಎಂದು ನಿಗಮ ತಿರಸ್ಕರಿಸಿದ್ದರೆ ಅದು ಈ ನಾಲ್ಕರಲ್ಲಿ ಬರುವುದಿಲ್ಲ, ಅದಕ್ಕೆ ಇಎಸ್‌ಐ ನ್ಯಾಯಾಲಯ. ಇದರ ತಿರುವು ಮುರುವೂ ನಿಜ. ಬೋರ್ಡಿನ ಮುಂದೆ ಹೋಗದೆಯೇ ನ್ಯಾಯಾಲಯಕ್ಕೆ ಪರ್ಸೆಂಟ್ ಕೇಳಿಕೊಂಡು ಹೋದರೆ, ಮೊದಲು ಆ ಪ್ರಶ್ನೆಯನ್ನು ತೀರ್ಮಾನಿಸಿ ತನ್ನಿ ಎಂದು ನಿಗಮಕ್ಕೆ ನಿರ್ದೇಶನ ಹೋಗುತ್ತದೆ, ಕೇಸು ಅಷ್ಟು ದಿನ ನಿಂತಲ್ಲೇ ನಿಲ್ಲುತ್ತದೆ.

ಕೆಲಸದ ಗಾಯವೇ ಅಲ್ಲ ಎಂಬ ಆಕ್ಷೇಪ ನಮ್ಮ ಕಡೆ ಏಕೆ ಹುಟ್ಟುತ್ತದೆಂದರೆ ಹಂಗಾಮಿಗೆ ಬಂದವರ ಹೆಸರನ್ನು ಅಪಘಾತವಾದ ಮೇಲೆ ನೋಂದಾಯಿಸುತ್ತಾರೆ. ಐಪಿ ನಂಬರಿನ ದಿನಾಂಕ ಗಾಯದ ದಿನಾಂಕಕ್ಕಿಂತ ಈಚಿನದಾಗಿದ್ದರೆ ಅನುಮಾನ ಬರದೆ ಇರದು. ಅಪಘಾತ ಪುಸ್ತಕದಲ್ಲಿ, ಅಂದರೆ ನಮೂನೆ 11ರಲ್ಲಿ, ಆ ದಿನವೇ ದಾಖಲಾಗಿರಬೇಕು. ನಮೂನೆ 12ರ ಅಪಘಾತ ವರದಿಯನ್ನು ಮಾಲೀಕರು ತಡಮಾಡದೆ ಕಳಿಸಿರಬೇಕು. ಆಸ್ಪತ್ರೆಯ ಮೊದಲ ಚೀಟಿಯಲ್ಲಿ 'ಮನೆಯಲ್ಲಿ ಬಿದ್ದು' ಎಂದು ಬರೆಸಿದ್ದರೆ ಆಮೇಲೆ ತೊಳೆಯುವುದು ಬಹಳ ಕಷ್ಟ. ಪೊಲೀಸ್ ಕೇಸು ಬೇಡವೆಂದು ಮಾಲೀಕರ ಕಡೆಯವರು ಹಾಗೆ ಹೇಳಿಸುವುದುಂಟು. ಗಾಯಗೊಂಡವರ ಜೊತೆ ಆಸ್ಪತ್ರೆಗೆ ಹೋದವರೇ ಆ ಹೊತ್ತಿನಲ್ಲಿ ಎಚ್ಚರವಾಗಿರಬೇಕು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತವೂ 2010ರ ತಿದ್ದುಪಡಿಯ ನಂತರ ಲೆಕ್ಕಕ್ಕೆ ಬರುತ್ತದೆ, ಅಪಘಾತದ ಸಂದರ್ಭ, ಸಮಯ, ಜಾಗಕ್ಕೂ ಕೆಲಸಕ್ಕೂ ನಂಟು ತೋರಿಸಿದರೆ.

ಸಿಮೆಂಟ್ ಕಂಪನಿಗಳ ವಿಷಯದಲ್ಲಿ ಇನ್ನೊಂದು ಗೆರೆ ಇದೆ. ಕಾರ್ಖಾನೆಯೊಳಗಿನ ಗುತ್ತಿಗೆ ಕಾರ್ಮಿಕರು, ಪಗಾರ ತಿಂಗಳಿಗೆ 21,000 ಮೀರದಿದ್ದರೆ, ಇಎಸ್‌ಐಗೆ ಬರುತ್ತಾರೆ. ಅದೇ ಕಂಪನಿಯ ಸುಣ್ಣಕಲ್ಲಿನ ಗಣಿ ಗಣಿ ಕಾಯ್ದೆಗೆ ಸೇರಿದ್ದು, 1948ರ ಕಾಯ್ದೆಯಲ್ಲಿ 'ಕಾರ್ಖಾನೆ' ಎಂಬ ಮಾತಿನಿಂದ ಅದು ಹೊರಗೆ. ಗಣಿಯಲ್ಲಿ ಗಾಯವಾದವರು ನೌಕರರ ಪರಿಹಾರದ ದಾರಿ ಹಿಡಿಯಬೇಕು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಔದ್ಯೋಗಿಕ ರೋಗದ ಪಟ್ಟಿಯಲ್ಲಿದೆ, ಅದರ ಪರೀಕ್ಷೆ ವಿಶೇಷ ಮೆಡಿಕಲ್ ಬೋರ್ಡಿನಲ್ಲಿ. ಅದು ಬೇರೆಯೇ ಬರಹಕ್ಕೆ ಆಗುವಷ್ಟಿದೆ.

ಹೋದ ಮೇಲೆ

ಮೇಲ್ಮನವಿ ಪತ್ರ ಒಂದೂವರೆ ಪುಟ ಮೀರಬೇಕಿಲ್ಲ. ಹೆಸರು, ಐಪಿ ನಂಬರ್, ಅಪಘಾತದ ದಿನ, ಬೋರ್ಡ್ ಸೇರಿದ ದಿನ, ಪತ್ರ ಕೈಸೇರಿದ ದಿನ. ಆಮೇಲೆ ಬೋರ್ಡ್ ಹಿಡಿದ ಸಾಲು ಯಾವುದು, ಹೊಂದಬೇಕಾದ ಸಾಲು ಯಾವುದು, ಅದಕ್ಕೆ ಆಧಾರ ಯಾವ ಕಾಗದ. ಇಡಿಗಂಟು ತಗೊಂಡಿಲ್ಲ ಎಂಬ ಒಂದು ವಾಕ್ಯ. ಎಲ್ಲಿಗೆ ಸಲ್ಲಿಸಬೇಕೆಂಬುದು ನಿರ್ಧಾರ ಪತ್ರದಲ್ಲಿ ಇಲ್ಲದಿದ್ದರೆ ಇಎಸ್‌ಐ ಬ್ರಾಂಚ್ ಆಫೀಸಿನಿಂದ ಬರಹದಲ್ಲಿ ಪಡೆದು, ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ. ಕೈಯಲ್ಲೇ ಕೊಟ್ಟರೆ ನಕಲಿನ ಮೇಲೆ ಸೀಲು, ದಿನಾಂಕ ಬೇಕೇ ಬೇಕು.

ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಲ್ಲಿ ವಿಕಲಚೇತನರೂ ಇದ್ದಾರೆ, ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಕಲಬುರಗಿ, ಬೀದರ, ಯಾದಗಿರಿ ಮೂರೂ ಕಡೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಉಚಿತ ವಕೀಲರು ಸಿಗುತ್ತಾರೆ.

ಪರೀಕ್ಷೆಯ ದಿನ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಹೋಗಬೇಡಿ, ನೋವಿನ ಗುಳಿಗೆ ನುಂಗಿಕೊಂಡೂ ಹೋಗಬೇಡಿ. ಮೂಲ ಫಿಲ್ಮುಗಳು ಜೊತೆಗಿರಲಿ, ಫೋನಿನಲ್ಲಿ ತೆಗೆದ ಎಕ್ಸ್‌ರೇ ಚಿತ್ರ ಪ್ರಯೋಜನವಿಲ್ಲ. ಹಿಡಿತ ಪರೀಕ್ಷಿಸುವಾಗ ಬೇಕಂತಲೇ ಸಡಿಲ ಬಿಟ್ಟರೆ ಗೊತ್ತಾಗುತ್ತದೆ. ಮೂರು ಸಲ ಹಿಂಡಿಸಿ ನೋಡುತ್ತಾರೆ, ಅಂಕಿಗಳು ಒಂದಕ್ಕೊಂದು ತೀರ ದೂರವಿದ್ದರೆ ನಿಜವಾದ ನಷ್ಟವನ್ನೂ ನಂಬುವುದಿಲ್ಲ. ಬೋರ್ಡಿಗೆ ಕರೆಸಿದಾಗ ಪ್ರಯಾಣದ ಖರ್ಚು, ಆ ದಿನ ಕಳೆದ ಕೂಲಿ ಕೇಳಿ ಪಡೆಯಬಹುದು. ಬಸ್ ಟಿಕೆಟ್ ಬಿಸಾಡಬೇಡಿ.

ಫಲಿತಾಂಶ ಯಾವ ಯಾವ ರೀತಿ ಬರುತ್ತದೆ? ಸಾಲು ತಪ್ಪಾಗಿದ್ದು, ಮೂಳೆಯ ನಷ್ಟ ಬಿಟ್ಟುಹೋಗಿದ್ದು, ಎರಡನೆಯ ಗಾಯ ಲೆಕ್ಕಕ್ಕೆ ಬಾರದ್ದು ತೋರಿಸಿದರೆ ಅಂಕಿ ಏರುತ್ತದೆ. ಪಟ್ಟಿಯ ಅಂಕಿಯೇ ಸರಿಯಾಗಿ ಸಿಕ್ಕಿದ್ದು, 'ಇದು ಸಾಲದು' ಎಂದಷ್ಟೇ ಕೇಳಿದ್ದರೆ ಬೋರ್ಡಿನ ನಿರ್ಧಾರವೇ ಉಳಿಯುತ್ತದೆ. ಹಾಗಿದ್ದಾಗ ಮೇಲ್ಮನವಿ ಹಾಕದಿರುವುದೇ ಲೇಸು, ಓಡಾಟದ ಖರ್ಚು ಉಳಿಯುತ್ತದೆ.

ತಾತ್ಕಾಲಿಕ ಅಂಕಿಯ ಬಗ್ಗೆ ಅವಸರ ಬೇಡ. ಗಾಯ ಇನ್ನೂ ಬದಲಾಗುತ್ತಿದ್ದರೆ ಬೋರ್ಡ್ ಇಂತಿಷ್ಟು ಕಾಲಕ್ಕೆಂದು ಕೊಟ್ಟು ಮತ್ತೆ ಕರೆಯುತ್ತದೆ. ಆ ಅವಧಿಯಲ್ಲಿ ಬಿಗಿತ ಹೆಚ್ಚಾದರೆ ಮರುಪರೀಕ್ಷೆಯಲ್ಲೇ ಸರಿಹೋಗುತ್ತದೆ. ಆದರೆ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕರೆ ಬಾರದಿದ್ದರೆ ನೀವೇ ಬರೆಯಿರಿ, ಇಲ್ಲವಾದರೆ ಹಣ ನಿಂತದ್ದು ಗೊತ್ತಾಗಲು ನಾಲ್ಕು ತಿಂಗಳು ಹಿಡಿಯುತ್ತದೆ.

ಅಂತಿಮವಾದ ಮೇಲೆ ವರ್ಷಗಳ ನಂತರ ಗಾಯ ಹದಗೆಟ್ಟರೆ, ಉದಾಹರಣೆಗೆ ಉಳಿದ ತುಂಡಿನಲ್ಲಿ ಸೋಂಕಾಗಿ ಇನ್ನೊಂದು ಗೆಣ್ಣು ತೆಗೆಯಬೇಕಾಗಿ ಬಂದರೆ, ಅದು ಮೇಲ್ಮನವಿ ಅಲ್ಲ, ಕಲಂ 55ರ ಮರುಪರಿಶೀಲನೆ. ಮೊದಲು ಊಹಿಸಲಾಗದಂತೆ, ಗಣನೀಯವಾಗಿ ಹದಗೆಟ್ಟಿದೆ ಎಂದು ತೋರಿಸಬೇಕು. ಅಂತಿಮ ಅಂಕಿ ಕೊಟ್ಟು ಐದು ವರ್ಷ ಆಗಿರಬೇಕು, ತಾತ್ಕಾಲಿಕವಾದರೆ ಆರು ತಿಂಗಳು. ಅದಕ್ಕಿಂತ ಮೊದಲೇ ಬೇಕಾದರೆ ಟ್ರಿಬ್ಯುನಲ್‌ನ ಅನುಮತಿ ಬೇಕು. ಇಲ್ಲಿ ಹೆಚ್ಚಾದ ಹಣ ಅರ್ಜಿ ಹಾಕಿದ ದಿನಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ, ಆದ್ದರಿಂದ ಎರಡನೇ ಶಸ್ತ್ರಚಿಕಿತ್ಸೆಯ ಗಾಯ ಒಣಗಿದ ಕೂಡಲೇ ಅರ್ಜಿ ಹೋಗಬೇಕು.

ಟ್ರಿಬ್ಯುನಲ್ ಆದ ಮೇಲೆ ಇಎಸ್‌ಐ ನ್ಯಾಯಾಲಯ, ಅದರ ಮೇಲೆ 60 ದಿನದೊಳಗೆ ಹೈಕೋರ್ಟ್. ನಮ್ಮ ಮೂರೂ ಜಿಲ್ಲೆಗಳಿಗೆ ಕಲಬುರಗಿ ಪೀಠವೇ ಇದೆ, 2013ರಿಂದ ಕಾಯಂ ಪೀಠ. ಆದರೆ ಅಲ್ಲಿಗೆ ಹೋಗುವುದು ಕಾನೂನಿನ ಮಹತ್ವದ ಪ್ರಶ್ನೆ ಇದ್ದಾಗ ಮಾತ್ರ. 9 ಸರಿಯೋ 11 ಸರಿಯೋ ಎಂಬ ವೈದ್ಯಕೀಯ ಜಗಳವನ್ನು ಹೈಕೋರ್ಟ್ ಹೊಸದಾಗಿ ಅಳೆಯುವುದಿಲ್ಲ. ಹಾಗಾಗಿ ಅಳತೆಯ ಸಾಕ್ಷ್ಯವೆಲ್ಲ ಟ್ರಿಬ್ಯುನಲ್ ಅಥವಾ ಇಎಸ್‌ಐ ನ್ಯಾಯಾಲಯದ ದಾಖಲೆಯಲ್ಲೇ ಸೇರಿರಬೇಕು.

ಮೇಲ್ಮನವಿಯಲ್ಲಿ ಅಂಕಿ ಏರಿದರೆ ಬಾಕಿ ಲೆಕ್ಕ ಶುರುವಾಗುವುದು ಆದೇಶದ ದಿನದಿಂದ ಅಲ್ಲ, ಗಾಯ ಮಾಗುವವರೆಗೆ ಕೊಡುವ ತಾತ್ಕಾಲಿಕ ಅಂಗವಿಕಲತೆಯ ಹಣ ನಿಂತ ಮರುದಿನದಿಂದ. 5ರಿಂದ 9ಕ್ಕೆ ಏರಿ ನಡುವೆ 20 ತಿಂಗಳು ಕಳೆದಿದ್ದರೆ, ನಮ್ಮ ಉದಾಹರಣೆಯ ಕಾರ್ಮಿಕರಿಗೆ ದಿನಕ್ಕೆ 18 ರೂಪಾಯಿಯಂತೆ ಸುಮಾರು 600 ದಿನಕ್ಕೆ 10,800 ರೂಪಾಯಿ ಬಾಕಿ ಬರಬೇಕು. ಆದೇಶದ ನಕಲನ್ನು ಬ್ರಾಂಚ್ ಆಫೀಸಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ, ಪಾಸ್‌ಬುಕ್ಕಿನಲ್ಲಿ ಬಾಕಿ ಮತ್ತು ಹೊಸ ದರ ಎರಡೂ ಬೇರೆ ಬೇರೆಯಾಗಿ ಬಂದಿವೆಯೇ ನೋಡಿ. ಹೊಸ ದರ ಮಾತ್ರ ಬಂದು ಬಾಕಿ ಬಾರದಿದ್ದರೆ, ಯಾವ ದಿನದಿಂದ ಯಾವ ದಿನದವರೆಗೆ, ದಿನಕ್ಕೆ ಎಷ್ಟು ಎಂದು ಲೆಕ್ಕ ಬರೆದು ಅದೇ ಕಿಟಕಿಯಲ್ಲಿ ಅರ್ಜಿ ಕೊಡಿ.